ಓಟದ ಜಮಾಖರ್ಚು

1974ರಲ್ಲಿ ಅಮೆರಿಕದ ಶರೀರಕ್ರಿಯಾ ವಿಜ್ಞಾನದ ಪತ್ರಿಕೆಯೊಂದರಲ್ಲಿ ಬರೀ ಮೂರು ಪುಟದ ಪ್ರಬಂಧವೊಂದು ಅಚ್ಚಾಯಿತು. ಅದರ ಪಾತ್ರಧಾರಿಗಳೂ ಮೂರೇ: ಶಿವಂಗಿ, ಗೆಜೆಲ್ ಜಿಂಕೆ ಮತ್ತು ಆಡು. ಶಿವಂಗಿ ಎಂದರೆ ನಾವೀಗ ಚೀತಾ ಎಂದು ಕರೆಯುವ, ನೆಲದ ಮೇಲೆ ಅತಿ ವೇಗವಾಗಿ ಓಡುವ ಪ್ರಾಣಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿ. ರಿಚರ್ಡ್ ಟೇಲರ್ ಮತ್ತು ಅವರ ಇಸ್ರೇಲಿ ಸಹೋದ್ಯೋಗಿಗಳು ಈ ಮೂರನ್ನೂ ಟ್ರೆಡ್‌ಮಿಲ್ ಮೇಲೆ ಓಡಿಸಿ, ಓಡುವಾಗ ಅವು ಎಷ್ಟು ಆಮ್ಲಜನಕ ಬಳಸುತ್ತವೆ ಎಂದು ಅಳೆದಿದ್ದರು. ಬಳಸಿದ ಆಮ್ಲಜನಕದ ಲೆಕ್ಕ ಸಿಕ್ಕರೆ ದೇಹ ಸುಟ್ಟ ಶಕ್ತಿಯ ಲೆಕ್ಕವೂ ಸಿಕ್ಕಂತೆ.

ಮೂರರ ತೂಕ ಹೆಚ್ಚುಕಡಿಮೆ ಒಂದೇ ಆಗಿತ್ತು, ಇಪ್ಪತ್ತು ಕಿಲೋದ ಆಸುಪಾಸು. ಕಾಲುಗಳು ಮಾತ್ರ ಒಂದಕ್ಕೊಂದು ಹೋಲುತ್ತಿರಲಿಲ್ಲ. ಗೆಜೆಲ್‌ನ ಕಾಲಿನಲ್ಲಿ ಮಾಂಸವೆಲ್ಲ ಸೊಂಟ ಮತ್ತು ಭುಜದ ಹತ್ತಿರ ತುಂಬಿಕೊಂಡಿರುತ್ತದೆ, ಕೆಳಗೆ ಕಡ್ಡಿಯಂಥ ಮೂಳೆ ಮತ್ತು ಗೊರಸು ಅಷ್ಟೆ. ಕಾಲಿನ ತೂಕದ ಕೇಂದ್ರ ಕೀಲಿನಿಂದ ಕೇವಲ 2 ಸೆಂಟಿಮೀಟರ್ ದೂರದಲ್ಲಿತ್ತು. ಆಡಿನಲ್ಲಿ ಅದು 6 ಸೆಂಟಿಮೀಟರ್. ದೊಡ್ಡ ಪಂಜ, ಭಾರದ ಕಾಲಿನ ಶಿವಂಗಿಯಲ್ಲಿ 18 ಸೆಂಟಿಮೀಟರ್. ಒನಕೆಯನ್ನು ನಡುವೆ ಹಿಡಿದು ಬೀಸುವುದಕ್ಕೂ ತುದಿಯಲ್ಲಿ ಹಿಡಿದು ಬೀಸುವುದಕ್ಕೂ ಎಷ್ಟು ವ್ಯತ್ಯಾಸವೋ, ಗೆಜೆಲ್ ತನ್ನ ಕಾಲು ಬೀಸುವುದಕ್ಕೂ ಶಿವಂಗಿ ತನ್ನ ಕಾಲು ಬೀಸುವುದಕ್ಕೂ ಅಷ್ಟು ವ್ಯತ್ಯಾಸವಿರಬೇಕು. ಹಾಗಾಗಿ ಗೆಜೆಲ್‌ನ ಓಟ ಅಗ್ಗ, ಶಿವಂಗಿಯ ಓಟ ದುಬಾರಿ ಎಂಬುದು ಅಂಗರಚನೆ ಬಲ್ಲವರೆಲ್ಲರ ನಂಬಿಕೆ. ಗೊರಸಿನ ಪ್ರಾಣಿಗಳ ಕಾಲು ಸಣ್ಣಗೆ ರೂಪುಗೊಂಡದ್ದೇ ಶಕ್ತಿ ಉಳಿಸಲು ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು.

ಫಲಿತಾಂಶ ಬೇರೆಯೇ ಬಂತು. ಮೂರೂ ಪ್ರಾಣಿಗಳು ಅಳೆದ ವೇಗಗಳಲ್ಲೆಲ್ಲ ಬಹುತೇಕ ಒಂದೇ ಪ್ರಮಾಣದ ಶಕ್ತಿ ಖರ್ಚು ಮಾಡಿದ್ದವು. ಅದೇ ತೂಕದ ಬೇರಾವುದೇ ನಾಲ್ಕು ಕಾಲಿನ ಪ್ರಾಣಿಯ ಖರ್ಚಿಗೂ ಇದು ಸಮೀಪವಾಗಿತ್ತು. ಕಾಲಿನ ಆಕಾರ ಇಷ್ಟೊಂದು ಬದಲಾದರೂ ಓಟದ ಖರ್ಚು ಬದಲಾಗಲಿಲ್ಲ.

ಹಾಗಾದರೆ ಓಡುವ ದೇಹ ಬೆಲೆ ತೆರುವುದು ಯಾವುದಕ್ಕೆ? ಈ ಪ್ರಶ್ನೆಗೆ ಒಂದು ಶತಮಾನದ ಹಿನ್ನೆಲೆಯಿದೆ. ಅದಕ್ಕೆ ಉತ್ತರ ಹುಡುಕಿದ ಕಥೆ, ಒಂದು ಗಟ್ಟಿ ನಂಬಿಕೆ ಹೇಗೆ ಕಟ್ಟಲ್ಪಟ್ಟಿತು, ಹೇಗೆ ಬಿತ್ತು, ಬಿದ್ದ ಮೇಲೂ ಅದರ ಒಂದು ಅಂಶ ಹೇಗೆ ಉಳಿದುಕೊಂಡಿತು ಎಂಬುದರ ಕಥೆ.

ಗಾಳಿ ತುಂಬಿದ ಶೂ

ಓಟವನ್ನು ಕಣ್ಣು ಹಿಡಿಯಲಾರದು. ಕುದುರೆ ಓಡುವಾಗ ನಾಲ್ಕೂ ಕಾಲು ಒಮ್ಮೆಲೇ ನೆಲ ಬಿಡುತ್ತವೆಯೇ ಎಂಬುದು ಹತ್ತೊಂಬತ್ತನೆಯ ಶತಮಾನದವರೆಗೂ ವಾದದ ವಿಷಯವಾಗಿತ್ತು. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲು ಕ್ಯಾಮೆರಾಗಳನ್ನು ಇಟ್ಟು ತೆಗೆದ ಚಿತ್ರಗಳು ಆ ವಾದವನ್ನು ಮುಗಿಸಿದವು.

ಅದಕ್ಕೂ ಮೊದಲೇ ಪ್ಯಾರಿಸ್ಸಿನಲ್ಲಿ ಎತಿಯೆನ್-ಜೂಲ್ ಮರೇ ಎಂಬ ಶರೀರಕ್ರಿಯಾ ವಿಜ್ಞಾನಿ ಇನ್ನೊಂದು ದಾರಿ ಹಿಡಿದಿದ್ದರು. ಶೂವಿನ ಅಟ್ಟೆಯಲ್ಲಿ ಗಾಳಿಯ ಕೋಶವೊಂದನ್ನು ಕೂರಿಸಿ, ಅದರಿಂದ ರಬ್ಬರ್ ಕೊಳವೆಯೊಂದನ್ನು ಎಳೆದು, ಓಟಗಾರ ಕೈಯಲ್ಲಿ ಹಿಡಿದ ಪುಟ್ಟ ದಾಖಲೆ ಯಂತ್ರಕ್ಕೆ ಜೋಡಿಸಿದರು. ಕಾಲು ನೆಲಕ್ಕೆ ತಾಗಿದಾಗ ಗಾಳಿ ಒತ್ತಿ ಗೆರೆ ಮೇಲೇಳುತ್ತಿತ್ತು, ಕಾಲು ಎತ್ತಿದಾಗ ಕೆಳಗಿಳಿಯುತ್ತಿತ್ತು. 1873ರಲ್ಲಿ ಹೊರಬಂದ ಅವರ ಪುಸ್ತಕದ ಹೆಸರೇ ಪ್ರಾಣಿಯೆಂಬ ಯಂತ್ರ ಎಂಬರ್ಥದ್ದು. ನಡಿಗೆಯಲ್ಲಿ ಒಂದಲ್ಲ ಒಂದು ಕಾಲು ನೆಲದ ಮೇಲಿರುತ್ತದೆ, ಓಟದಲ್ಲಿ ಎರಡೂ ನೆಲ ಬಿಟ್ಟ ಗಳಿಗೆಯೊಂದಿರುತ್ತದೆ ಎಂಬುದನ್ನು ಆ ಗೆರೆಗಳು ತೋರಿಸಿದವು. ಕಾಲು ನೆಲದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಬರೆದಿಟ್ಟ ಮೊದಲಿಗರಲ್ಲಿ ಮರೇ ಒಬ್ಬರು. ಆ ಅಳತೆಯೇ ಮುಂದೊಂದು ದಿನ ಓಟದ ಖರ್ಚಿನ ಕೀಲಿಕೈ ಆಗುತ್ತದೆಂದು ಆಗ ಯಾರಿಗೂ ಹೊಳೆಯುವಂತಿರಲಿಲ್ಲ. ಅದು ಹೊಳೆಯಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಕಾಲು ಬೀಸುವ ಖರ್ಚು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಓಟದ ಶಕ್ತಿಯ ಲೆಕ್ಕಕ್ಕೆ ಕೈ ಹಾಕಿದವರಲ್ಲಿ ಬ್ರಿಟನ್ನಿನ ಆರ್ಚಿಬಾಲ್ಡ್ ವಿವಿಯನ್ ಹಿಲ್ ಮುಖ್ಯರು. ಸ್ನಾಯುವಿನಲ್ಲಿ ಹುಟ್ಟುವ ಶಾಖವನ್ನು ಅಳೆದದ್ದಕ್ಕಾಗಿ 1922ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದವರು. ಭಾರತದ ವೈಜ್ಞಾನಿಕ ಸಂಶೋಧನೆಯ ಸ್ಥಿತಿಗತಿಯನ್ನು ಪರಿಶೀಲಿಸಲು 1943ರ ಕೊನೆಯಲ್ಲಿ ಇಲ್ಲಿಗೆ ಬಂದು, ಮುಂದೆ ವರದಿ ಕೊಟ್ಟವರೂ ಇವರೇ. ಹಿಲ್ ಸ್ವತಃ ಓಟಗಾರ. ಉಸಿರು ಸಂಗ್ರಹಿಸುವ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ಹುಲ್ಲಿನ ಮೈದಾನದಲ್ಲಿ ಸುತ್ತು ಹಾಕಿ, ಓಡುವ ಮನುಷ್ಯ ಎಷ್ಟು ಆಮ್ಲಜನಕ ಬಳಸುತ್ತಾನೆ ಎಂದು 1920ರ ದಶಕದಲ್ಲಿ ಅವರ ತಂಡ ಅಳೆಯಿತು.

1930ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ವ್ಯಾಲೇಸ್ ಫೆನ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ವೇಗದ ಓಟಗಾರರನ್ನು ಚಲನಚಿತ್ರ ಕ್ಯಾಮೆರಾದಲ್ಲಿ ಸೆರೆಹಿಡಿದು, ಒಂದೊಂದು ಚಿತ್ರದಲ್ಲೂ ತೊಡೆ, ಮೊಣಕಾಲು, ಪಾದ ಎಲ್ಲಿವೆ ಎಂದು ಗುರುತು ಮಾಡಿ, ಕೈಕಾಲುಗಳ ಚಲನೆಗೆ ಎಷ್ಟು ಶಕ್ತಿ ಬೇಕು ಎಂದು ಕೂಡಿಸಿದರು. ಒಟ್ಟು ಸುಮಾರು 3 ಅಶ್ವಶಕ್ತಿ ಬಂತು. ಅದರಲ್ಲಿ ಗುರುತ್ವದ ವಿರುದ್ಧ ದೇಹವನ್ನು ಮೇಲೆತ್ತಲು ಬೇಕಾದದ್ದು ಸುಮಾರು 0.1 ಅಶ್ವಶಕ್ತಿ ಮಾತ್ರ. ಬಹುಪಾಲು ಖರ್ಚು ಕೈಕಾಲನ್ನು ಬೀಸುವುದಕ್ಕೆ ಮತ್ತು ಬೀಸಿದ್ದನ್ನು ಮತ್ತೆ ತಡೆದು ನಿಲ್ಲಿಸುವುದಕ್ಕೆ ಹೋಗುತ್ತಿತ್ತು.

ಈ ಲೆಕ್ಕ ನೋಡಿದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಸಮತಟ್ಟಾದ ನೆಲದಲ್ಲಿ ಓಡುವವನು ಭಾರವನ್ನು ಎತ್ತರಕ್ಕೆ ಸಾಗಿಸುತ್ತಿಲ್ಲ. ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಮುಂದಕ್ಕೆ ತಳ್ಳುವ ಕೆಲಸವೂ ಅಷ್ಟಿಲ್ಲ. ಮತ್ತೆ ಮತ್ತೆ ಓಡುತ್ತಾ ನಿಲ್ಲುತ್ತಾ ಇರುವುದು ಕಾಲೊಂದೇ. ಹಾಗಾಗಿ ಖರ್ಚೂ ಅಲ್ಲೇ ಇರಬೇಕು. 1950ರಲ್ಲಿ ಪ್ರಾಣಿಗಳ ಗಾತ್ರ ಮತ್ತು ವೇಗದ ಬಗ್ಗೆ ಹಿಲ್ ಬರೆದ ಹೆಸರಾಂತ ಲೇಖನವೂ ಇದೇ ತರ್ಕದ ಮೇಲೆ ನಿಂತಿತ್ತು. ಕಾಲು ಬೀಸುವುದೇ ಓಟದ ಬೆಲೆ ಎಂಬುದು ಇನ್ನು ಪರೀಕ್ಷೆಯೇ ಬೇಡದ ಸತ್ಯವಾಯಿತು.

ಮಿಲಾನ್‌ನಲ್ಲಿ ತಾಳೆಯಾಗದ ಲೆಕ್ಕ

ಮೊದಲ ಬಿರುಕು ಕಾಣಿಸಿದ್ದು ಇಟಲಿಯಲ್ಲಿ. ಮಿಲಾನ್‌ನ ರೊಡಾಲ್ಫೋ ಮಾರ್ಗರಿಯಾ 1930ರ ದಶಕದಿಂದಲೇ ನಡಿಗೆ ಮತ್ತು ಓಟದ ಖರ್ಚನ್ನು ಅಳೆಯುತ್ತಿದ್ದರು. 1963ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶವನ್ನು ಇಂದಿಗೂ ಓಟಗಾರರು ಬಾಯಿಪಾಠವಾಗಿ ಹೇಳುತ್ತಾರೆ: ಓಡುವ ಮನುಷ್ಯ ತನ್ನ ತೂಕದ ಪ್ರತಿ ಕಿಲೋಗೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಖರ್ಚು ಮಾಡುತ್ತಾನೆ. ನಿಧಾನವಾಗಿ ಓಡಿದರೂ ಜೋರಾಗಿ ಓಡಿದರೂ ದೂರದ ಲೆಕ್ಕದಲ್ಲಿ ಖರ್ಚು ಹೆಚ್ಚು ಬದಲಾಗದು. 60 ಕಿಲೋ ತೂಕದವರು 10 ಕಿಲೋಮೀಟರ್ ಓಡಿದರೆ ಸುಮಾರು 600 ಕಿಲೋಕ್ಯಾಲೊರಿ, ಒಂದು ಗಂಟೆಯಲ್ಲಿ ಮುಗಿಸಿದರೂ ಸರಿ, ಮುಕ್ಕಾಲು ಗಂಟೆಯಲ್ಲಿ ಮುಗಿಸಿದರೂ ಸರಿ.

ಮಾರ್ಗರಿಯಾ ಅವರ ಕಿರಿಯ ಸಹೋದ್ಯೋಗಿ ಜೊವಾನಿ ಕವಾನ್ಯಾ ನೆಲದ ಮೇಲೆ ಬೀಳುವ ಬಲವನ್ನು ಅಳೆಯುವ ಹಲಗೆಯ ಮೇಲೆ ಜನರನ್ನು ಓಡಿಸಿದರು. ಸ್ನಾಯು ತಾನು ಸುಡುವ ಶಕ್ತಿಯ ಸುಮಾರು ಕಾಲು ಭಾಗವನ್ನಷ್ಟೇ ಕೆಲಸವಾಗಿ ಪರಿವರ್ತಿಸಬಲ್ಲದು, ಉಳಿದದ್ದು ಶಾಖವಾಗಿ ಹೋಗುತ್ತದೆ. ಆದರೆ 1964ರಲ್ಲಿ ಕವಾನ್ಯಾ ಮತ್ತು ಸಂಗಡಿಗರು ಕಂಡದ್ದು ಶೇಕಡಾ 40ರಿಂದ 50ರಷ್ಟು ದಕ್ಷತೆ. ಸ್ನಾಯುವಿನ ಕೈಯಲ್ಲಿ ಇಷ್ಟು ಸಾಧ್ಯವೇ ಇಲ್ಲ. ಅಂದರೆ ಕೆಲಸದ ಒಂದು ಪಾಲನ್ನು ಸ್ನಾಯು ಮಾಡುತ್ತಲೇ ಇಲ್ಲ, ಇನ್ನಾರೋ ಪುಕ್ಕಟೆ ಮಾಡಿಕೊಡುತ್ತಿದ್ದಾರೆ. ಕಾಲು ನೆಲಕ್ಕೆ ಬಡಿದಾಗ ಹಿಗ್ಗಿ, ನೆಲ ಬಿಡುವಾಗ ಮತ್ತೆ ಕುಗ್ಗಿ, ಪಡೆದ ಶಕ್ತಿಯನ್ನು ಹಿಂತಿರುಗಿಸುವ ಭಾಗಗಳು ಕಾಲಿನಲ್ಲಿವೆ ಎಂದು ಅವರು ತೀರ್ಮಾನಿಸಿದರು. ಓಡುವ ಮನುಷ್ಯ ಪುಟಿಯುವ ಚೆಂಡಿನಂತೆ ಎಂಬ ಚಿತ್ರ ಅಲ್ಲಿಂದ ನೆಲೆಯೂರಿತು.

ಕ್ಷಿಪಣಿ ನೆಲೆಯಲ್ಲಿ ಪ್ರಾಣಿಗಳು

ಈ ಹೊತ್ತಿಗೆ ರಿಚರ್ಡ್ ಟೇಲರ್ ಪೂರ್ವ ಆಫ್ರಿಕಾದಲ್ಲಿದ್ದರು. ನೀರೇ ಕಾಣದ ಬಯಲಲ್ಲಿ ಓರಿಕ್ಸ್ ಮತ್ತು ಈಲ್ಯಾಂಡ್ ಜಿಂಕೆಗಳು ಹೇಗೆ ಬದುಕುತ್ತವೆ ಎಂಬುದು ಅವರ ಮೊದಲ ಅಧ್ಯಯನ. ಅಲ್ಲಿಂದ ಅವರ ಗಮನ ಓಟದ ಕಡೆ ಹೊರಳಿತು. ಒಂಟೆಯ ಶರೀರಕ್ರಿಯೆಯನ್ನು ಬಿಡಿಸಿ ತೋರಿಸಿದ ಕ್ನೂಟ್ ಸ್ಮಿತ್-ನೀಲ್ಸನ್ ಜೊತೆಗೂಡಿ 1970ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಇಲಿಯಿಂದ ನಾಯಿಯವರೆಗಿನ ಪ್ರಾಣಿಗಳ ಓಟದ ಖರ್ಚಿತ್ತು. ವೇಗ ಹೆಚ್ಚಿದಂತೆ ಖರ್ಚು ನೇರ ಗೆರೆಯಲ್ಲಿ ಏರುತ್ತದೆ. ಪ್ರಾಣಿ ಚಿಕ್ಕದಾದಷ್ಟೂ ಪ್ರತಿ ಗ್ರಾಂ ತೂಕಕ್ಕೆ ಬೀಳುವ ಖರ್ಚು ಹೆಚ್ಚು. ಈ ಎರಡು ನಿಯಮಗಳು ಮುಂದಿನ ಎಲ್ಲ ಕೆಲಸಕ್ಕೂ ಅಡಿಪಾಯವಾದವು.

ಹಾರ್ವರ್ಡ್‌ಗೆ ಬಂದ ಟೇಲರ್‌ಗೆ ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ಕಾನ್ಕರ್ಡ್ ಫೀಲ್ಡ್ ಸ್ಟೇಷನ್ ಎಂಬ ಪ್ರಯೋಗನೆಲೆಯ ಹೊಣೆ ಸಿಕ್ಕಿತು. ಶೀತಲ ಸಮರದ ಕಾಲದಲ್ಲಿ ನೈಕಿ ಕ್ಷಿಪಣಿಗಳಿಗಾಗಿ ಕಟ್ಟಿದ ಸೇನಾ ನೆಲೆ ಅದು. ಸೈನ್ಯ ಬಿಟ್ಟುಹೋದ ಕಟ್ಟಡಗಳಲ್ಲಿ ಟ್ರೆಡ್‌ಮಿಲ್‌ಗಳು ಬಂದು ಕೂತವು. ಅವುಗಳ ಮೇಲೆ ಓಡಲು ಕಲಿತ ಪ್ರಾಣಿಗಳ ಪಟ್ಟಿ ಉದ್ದವಾಗುತ್ತಾ ಹೋಯಿತು.

1973ರಲ್ಲಿ ಆಸ್ಟ್ರೇಲಿಯಾದ ಟೆರೆನ್ಸ್ ಡಾಸನ್ ಜೊತೆ ಟೇಲರ್ ಕೆಂಪು ಕಾಂಗರೂಗಳನ್ನು ಅಳೆದರು. ನಿಧಾನವಾಗಿ ಬಾಲವೂರಿ ತೆವಳುವಾಗ ಕಾಂಗರೂವಿನ ಖರ್ಚು ಕಡಿದಾಗಿ ಏರಿತು. ಕುಪ್ಪಳಿಸಲು ಶುರು ಮಾಡಿದ ಮೇಲೆ ವೇಗ ಹೆಚ್ಚಿದರೂ ಆಮ್ಲಜನಕದ ಬಳಕೆ ಏರಲೇ ಇಲ್ಲ. ಕಾಲಿನ ಹಿಂಭಾಗದ ಉದ್ದನೆಯ ಸ್ನಾಯುರಜ್ಜುಗಳು ಪ್ರತಿ ನೆಗೆತದಲ್ಲೂ ಶಕ್ತಿಯನ್ನು ಕೂಡಿಟ್ಟು ಮರಳಿಸುತ್ತಿವೆ ಎಂಬುದು ಇದಕ್ಕೆ ಸಿಕ್ಕ ವಿವರಣೆ. ಮರುವರ್ಷವೇ ಶಿವಂಗಿ, ಗೆಜೆಲ್, ಆಡುಗಳ ಫಲಿತಾಂಶ ಹೊರಬಿತ್ತು. ಅರ್ಧ ಶತಮಾನದ ನಂಬಿಕೆ ಮೂರು ಪುಟಗಳಲ್ಲಿ ಅಲುಗಾಡಿತು.

ಒಂದು ಪ್ರಯೋಗದಿಂದ ಇಂಥ ನಂಬಿಕೆಯನ್ನು ಕೆಡವಲಾಗದು ಎಂಬುದು ಟೇಲರ್‌ಗೆ ಗೊತ್ತಿತ್ತು. ಕವಾನ್ಯಾ ಮತ್ತು ನಾರ್ಮನ್ ಹೆಗ್ಲುಂಡ್ ಮೊದಲಾದವರೊಂದಿಗೆ ಅವರು ದೊಡ್ಡ ಲೆಕ್ಕ ತಪಾಸಣೆಗೇ ಇಳಿದರು. 1982ರಲ್ಲಿ ಪ್ರಾಯೋಗಿಕ ಜೀವಶಾಸ್ತ್ರದ ಪತ್ರಿಕೆಯ ಒಂದೇ ಸಂಪುಟದಲ್ಲಿ ನಾಲ್ಕು ಪ್ರಬಂಧಗಳು ಸಾಲಾಗಿ ಬಂದವು. ಮೊದಲನೆಯದರಲ್ಲಿ 62 ಜಾತಿಯ ಹಕ್ಕಿ ಮತ್ತು ಸಸ್ತನಿಗಳು ಓಡುವಾಗ ಬಳಸುವ ಶಕ್ತಿಯ ಲೆಕ್ಕವಿತ್ತು. ಮುಂದಿನ ಎರಡರಲ್ಲಿ ಕಾಲು ಬೀಸುವ ಕೆಲಸದ ಲೆಕ್ಕ ಮತ್ತು ಇಡೀ ದೇಹ ಮೇಲೆ ಕೆಳಗೆ, ಹಿಂದೆ ಮುಂದೆ ಚಲಿಸುವ ಕೆಲಸದ ಲೆಕ್ಕ. ಕೊನೆಯದರಲ್ಲಿ ಎಲ್ಲವನ್ನೂ ಕೂಡಿಸಿ ತಾಳೆ ನೋಡಿದ್ದರು.

ತಾಳೆ ಬೀಳಲಿಲ್ಲ. ಒಂದೇ ವೇಗದಲ್ಲಿ ಓಡುವಾಗ 30 ಗ್ರಾಂನ ಪುಟ್ಟ ಪ್ರಾಣಿ, 100 ಕಿಲೋದ ಪ್ರಾಣಿಗಿಂತ ತೂಕದ ಪ್ರಮಾಣದಲ್ಲಿ ಸುಮಾರು 15 ಪಟ್ಟು ಹೆಚ್ಚು ಶಕ್ತಿ ಸುಡುತ್ತದೆ. ಆದರೆ ಯಂತ್ರಶಾಸ್ತ್ರದ ಪ್ರಕಾರ ಎರಡೂ ಪ್ರತಿ ಕಿಲೋಗೆ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಕೆಲಸ ಒಂದೇ ಆಗಿದ್ದು ಕೂಲಿ ಹದಿನೈದು ಪಟ್ಟು ಬೇರೆಯಾದರೆ, ಕೂಲಿ ಕೊಡುತ್ತಿರುವುದು ಆ ಕೆಲಸಕ್ಕಲ್ಲ ಎಂದೇ ಅರ್ಥ.

ನಿಂತ ನೀರಿನ ಕೊಡ

ಉತ್ತರದ ಸುಳಿವು ಆಗಲೇ ಇನ್ನೊಂದು ಪ್ರಯೋಗದಲ್ಲಿತ್ತು. 1980ರಲ್ಲಿ ಟೇಲರ್ ತಂಡ ಇಲಿ, ನಾಯಿ, ಮನುಷ್ಯ ಮತ್ತು ಕುದುರೆಗಳ ಬೆನ್ನಿಗೆ ಭಾರ ಹೊರಿಸಿ ಓಡಿಸಿತ್ತು. ದೇಹದ ತೂಕದ ಶೇಕಡಾ 10ರಷ್ಟು ಭಾರ ಹೇರಿದರೆ ಖರ್ಚೂ ಶೇಕಡಾ 10ರಷ್ಟು ಏರಿತು, 20ರಷ್ಟು ಹೇರಿದರೆ 20ರಷ್ಟು. ಬೆನ್ನ ಮೇಲಿನ ಭಾರದಿಂದ ಕಾಲಿನ ತೂಕವೇನೂ ಹೆಚ್ಚುವುದಿಲ್ಲ, ಕಾಲು ಬೀಸುವ ಕೆಲಸ ಹಾಗೇ ಇರುತ್ತದೆ. ಆದರೂ ಖರ್ಚು ಭಾರದ ಜೊತೆ ಹೆಜ್ಜೆ ತಪ್ಪದೆ ಏರಿತು. ಅಂದರೆ ಕಾಲಿನ ಸ್ನಾಯುಗಳು ಬೆಲೆ ತೆರುತ್ತಿದ್ದದ್ದು ದೇಹದ ಭಾರವನ್ನು ಎತ್ತಿ ಹಿಡಿಯುವುದಕ್ಕೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನೀರು ತುಂಬಿದ ಕೊಡವನ್ನು ಕೈಚಾಚಿ ಹಿಡಿದು ಸುಮ್ಮನೆ ನಿಂತರೆ ಭೌತಶಾಸ್ತ್ರದ ಪ್ರಕಾರ ಕೆಲಸವೇ ಆಗಿಲ್ಲ, ಏಕೆಂದರೆ ಕೊಡ ಇದ್ದಲ್ಲೇ ಇದೆ. ಆದರೆ ತೋಳು ಸೋಲುತ್ತದೆ, ಬೆವರು ಕಿತ್ತು ಬರುತ್ತದೆ. ಸ್ನಾಯು ಕುಗ್ಗದೆ ಸುಮ್ಮನೆ ಬಿಗಿಹಿಡಿದಿದ್ದರೂ ಶಕ್ತಿ ಸುಡುತ್ತಲೇ ಇರುತ್ತದೆ. ಮರೇ ಕಾಲದಿಂದ ಓಟವನ್ನು ಯಂತ್ರವೆಂದು ಕಂಡವರು ಕೆಲಸದ ಲೆಕ್ಕ ಇಟ್ಟರು, ಬಿಗಿಹಿಡಿಯುವುದರ ಲೆಕ್ಕ ಇಡಲಿಲ್ಲ. ತಪ್ಪು ನುಸುಳಿದ್ದು ಅಲ್ಲೇ.

1990ರಲ್ಲಿ ಟೇಲರ್ ಮತ್ತು ಅವರ ವಿದ್ಯಾರ್ಥಿ ರಾಜರ್ ಕ್ರ್ಯಾಮ್ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧ ಈ ಎಳೆಗಳನ್ನೆಲ್ಲ ಒಂದು ಗಂಟಿಗೆ ತಂದಿತು. ಕಾಂಗರೂ ಇಲಿಯಿಂದ ಪುಟ್ಟ ಕುದುರೆಯವರೆಗೆ, ಓಡುವ ಪ್ರಾಣಿಯ ಖರ್ಚನ್ನು ನಿರ್ಧರಿಸುವುದು ಎರಡೇ ಸಂಗತಿ ಎಂದು ಅವರು ತೋರಿಸಿದರು: ದೇಹದ ತೂಕ, ಮತ್ತು ಪ್ರತಿ ಹೆಜ್ಜೆಯಲ್ಲೂ ಪಾದ ನೆಲವನ್ನು ಒತ್ತಿ ನಿಲ್ಲುವ ಸಮಯ. ಆ ಸಮಯ ಕಡಿಮೆಯಾದಷ್ಟೂ ಖರ್ಚು ಹೆಚ್ಚು.

ಕಾರಣ ಹೀಗೆ. ಚಿಕ್ಕ ಪ್ರಾಣಿಯ ಕಾಲು ಗಿಡ್ಡ. ದೇಹ ಮುಂದೆ ಸಾಗಿದಂತೆ ಪಾದ ನೆಲದ ಮೇಲೆ ಉಳಿಯುವುದು ಕ್ಷಣಮಾತ್ರ. ಅಷ್ಟರಲ್ಲೇ ಇಡೀ ತೂಕವನ್ನು ತಡೆಯುವ ಬಲವನ್ನು ಸ್ನಾಯು ಹುಟ್ಟಿಸಬೇಕು. ಅಷ್ಟು ಬೇಗ ಬಲ ಹುಟ್ಟಿಸಲು ಚುರುಕಿನ ಸ್ನಾಯುತಂತುಗಳು ಬೇಕು, ಅಂಥ ತಂತುಗಳು ಶಕ್ತಿಯನ್ನು ಧಾರಾಳವಾಗಿ ಸುಡುತ್ತವೆ. ಉದ್ದ ಕಾಲಿನ ಕುದುರೆಗೆ ಹೆಚ್ಚು ಸಮಯ ಸಿಗುತ್ತದೆ. ನಿಧಾನದ, ಮಿತವ್ಯಯದ ತಂತುಗಳಲ್ಲೇ ಅದರ ಸಂಸಾರ ಸಾಗುತ್ತದೆ. ಒಂದೇ ಪ್ರಾಣಿ ವೇಗ ಹೆಚ್ಚಿಸಿದಾಗ ಖರ್ಚು ಏರುವುದಕ್ಕೂ ಇದೇ ಕಾರಣ: ವೇಗ ಹೆಚ್ಚಿದಂತೆ ಪಾದ ನೆಲದ ಮೇಲಿರುವ ಹೊತ್ತು ಕುಗ್ಗುತ್ತದೆ. ಶಿವಂಗಿ, ಗೆಜೆಲ್, ಆಡುಗಳ ಖರ್ಚು ಒಂದೇ ಆಗಿದ್ದ ಒಗಟಿಗೂ ಇಲ್ಲಿ ಉತ್ತರ ಸಿಕ್ಕಿತು. ಮೂರೂ ಹೊರಬೇಕಾದ ತೂಕ ಒಂದೇ ಆಗಿತ್ತು. ಮರೇ ತಮ್ಮ ಗಾಳಿಯ ಶೂಗಳಿಂದ ಬರೆಸಿಕೊಂಡ ಗೆರೆಗಳ ಉದ್ದಕ್ಕೆ ಕೊನೆಗೂ ಅರ್ಥ ಬಂತು.

ಟೇಲರ್ ಅವರ ಇನ್ನೊಬ್ಬ ಶಿಷ್ಯ, ಮುಂದೆ ಅದೇ ಪ್ರಯೋಗನೆಲೆಯನ್ನು ಮುನ್ನಡೆಸಿದ ಆಂಡ್ರ್ಯೂ ಬೀವೆನರ್, ಕಾಲಿನ ಭಂಗಿಯ ಪಾತ್ರವನ್ನು 1989ರಲ್ಲಿ ತೋರಿಸಿದ್ದರು. ಇಲಿ ಮೊಣಕಾಲು ಮಡಿಸಿ ಕುಕ್ಕುರುಗಾಲಿನಂತೆ ಓಡುತ್ತದೆ, ಕುದುರೆ ಕಾಲನ್ನು ಕಂಬದಂತೆ ನೆಟ್ಟಗೆ ಇಡುತ್ತದೆ. ಕಾಲು ನೆಟ್ಟಗಿದ್ದರೆ ಭಾರ ಮೂಳೆಗಳ ಮೇಲೆ ಸಾಗುತ್ತದೆ, ಮಡಿಸಿದರೆ ಸ್ನಾಯುಗಳ ಮೇಲೆ ಬೀಳುತ್ತದೆ. ಮನುಷ್ಯರೇ ಮೊಣಕಾಲು ಬಗ್ಗಿಸಿ ಓಡಿದಾಗ ಖರ್ಚು ಶೇಕಡಾ 50ರವರೆಗೂ ಏರಿದ್ದನ್ನು ಹಾರ್ವರ್ಡ್‌ನ ಎಂಜಿನಿಯರ್ ಥಾಮಸ್ ಮೆಕ್‌ಮಹೋನ್ 1987ರಲ್ಲಿ ಅಳೆದಿದ್ದರು.

ಕಾಲಿನೊಳಗಿನ ಸ್ಪ್ರಿಂಗ್

ಕವಾನ್ಯಾ ಊಹಿಸಿದ್ದ ಪುಟಿಯುವ ಭಾಗಗಳು ಎಲ್ಲಿವೆ ಎಂದು ತೋರಿಸಿದ್ದು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಮೆಕ್‌ನೀಲ್ ಅಲೆಕ್ಸಾಂಡರ್ ತಂಡ. ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದ ಪಾದಗಳನ್ನು ಯಂತ್ರದಲ್ಲಿಟ್ಟು ಒತ್ತಿ ನೋಡಿ, 1987ರಲ್ಲಿ ಅವರು ಲೆಕ್ಕ ಕೊಟ್ಟರು. 70 ಕಿಲೋದ ಮನುಷ್ಯ ಸೆಕೆಂಡಿಗೆ 4.5 ಮೀಟರ್ ವೇಗದಲ್ಲಿ ಓಡುವಾಗ ಪ್ರತಿ ಹೆಜ್ಜೆಯಲ್ಲೂ ಸುಮಾರು 100 ಜೂಲ್ ಶಕ್ತಿ ಕಳೆದು ಮತ್ತೆ ತುಂಬಬೇಕು. ಅದರಲ್ಲಿ ಸುಮಾರು 35 ಜೂಲ್ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿನಲ್ಲಿ, 17 ಜೂಲ್ ಅಂಗಾಲಿನ ಕಮಾನಿನಲ್ಲಿ ಕೂಡಿಡಲ್ಪಡುತ್ತದೆ. ಒಟ್ಟು ಅರ್ಧಕ್ಕಿಂತ ಹೆಚ್ಚು.

ಕಾಲು ಸ್ಪ್ರಿಂಗ್‌ನಂತೆ ಪುಟಿಯುತ್ತದೆ ಎಂಬ ತಿಳಿವನ್ನು ಮೆಕ್‌ಮಹೋನ್ ಅದಕ್ಕೂ ಹತ್ತು ವರ್ಷ ಮೊದಲೇ ನೆಲಕ್ಕೇ ಇಳಿಸಿದ್ದರು. ಪೀಟರ್ ಗ್ರೀನ್ ಜೊತೆ ಸೇರಿ, ಕಾಲಿನ ಸ್ಪ್ರಿಂಗ್‌ಗೆ ಶ್ರುತಿ ಹೊಂದುವಷ್ಟು ಮಿದುವಾದ ಓಟದ ಪಥವನ್ನು ಲೆಕ್ಕ ಹಾಕಿದರು. ಅದರಂತೆ 1977ರಲ್ಲಿ ಹಾರ್ವರ್ಡ್‌ನ ಒಳಾಂಗಣದಲ್ಲಿ ಪಥ ಕಟ್ಟಲಾಯಿತು. ಓಟದ ವೇಗ ಶೇಕಡಾ 3ರಷ್ಟು ಸುಧಾರಿಸಿತು, ಗಾಯಗಳೂ ಇಳಿದವು.

ಸ್ಪ್ರಿಂಗ್‌ನ ಪಾತ್ರವನ್ನು ಓಡುವ ಪ್ರಾಣಿಯ ಒಳಗೇ ಇಣುಕಿ ನೋಡಿದ್ದು 1997ರಲ್ಲಿ. ಟರ್ಕಿ ಕೋಳಿಯ ಮೀನಖಂಡದ ಸ್ನಾಯುರಜ್ಜುವಿನ ಒಂದು ಭಾಗ ಮೂಳೆಯಂತೆ ಗಟ್ಟಿಯಾಗಿರುತ್ತದೆ. ಅದಕ್ಕೆ ಬಲ ಅಳೆಯುವ ಸಂವೇದಕ ಅಂಟಿಸಿ, ಸ್ನಾಯುವಿನ ಉದ್ದವನ್ನೂ ಜೊತೆಗೇ ಅಳೆದರು. ಸಮನೆಲದ ಓಟದಲ್ಲಿ ಸ್ನಾಯು ಬಿಗಿಯಾಗಿ ಎಳೆಯುತ್ತಿದ್ದರೂ ಬಹುತೇಕ ಕುಗ್ಗುತ್ತಿರಲಿಲ್ಲ, ಹಿಗ್ಗಿ ಕುಗ್ಗುವ ಕೆಲಸವನ್ನು ರಜ್ಜುವೇ ಹೆಚ್ಚಾಗಿ ಮಾಡುತ್ತಿತ್ತು. ಸ್ನಾಯು ಸುಮ್ಮನೆ ಹಿಡಿದು ನಿಲ್ಲುವುದು, ರಜ್ಜು ಪುಟಿಯುವುದು. ಕೊಡ ಹಿಡಿದ ತೋಳಿನ ಚಿತ್ರ ಓಡುವ ಕಾಲಿನೊಳಗೆ ಕಣ್ಣಿಗೆ ಕಂಡಿತು. ಸೈನ್ಸ್ ಪತ್ರಿಕೆಯ ಆ ಪ್ರಬಂಧದ ಕೊನೆಯ ಹೆಸರು ಟೇಲರ್ ಅವರದು. ಅದು ಅಚ್ಚಾಗುವ ಹೊತ್ತಿಗೆ ಅವರು ಇರಲಿಲ್ಲ. 1995ರಲ್ಲಿ, 56ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಮರಳಿ ಬಂದ ಲೋಲಕ

ಟೇಲರ್ ವಾದಕ್ಕೆ ಎದುರು ಮಾತು ಅವರ ಕಾಲದಲ್ಲೇ ಇತ್ತು. 1985ರಲ್ಲಿ ಮೈಯರ್ಸ್ ಮತ್ತು ಸ್ಟೂಡೆಲ್ ಎಂಬ ಸಂಶೋಧಕರು ಓಟಗಾರರಿಗೆ ಒಂದೇ ತೂಕದ ಭಾರವನ್ನು ಒಮ್ಮೆ ಸೊಂಟಕ್ಕೆ, ಒಮ್ಮೆ ತೊಡೆಗೆ, ಒಮ್ಮೆ ಕಣಕಾಲಿಗೆ ಕಟ್ಟಿ ನೋಡಿದರು. ಭಾರ ಕೆಳಗಿಳಿದಂತೆ ಖರ್ಚು ಏರಿತು, ಕಣಕಾಲಿನಲ್ಲಿ ಅತಿ ಹೆಚ್ಚು. ಪ್ರತಿ ಶೂಗೆ 100 ಗ್ರಾಂ ಸೇರಿದರೆ ಖರ್ಚು ಶೇಕಡಾ 1ರಷ್ಟು ಹೆಚ್ಚುತ್ತದೆ ಎಂಬ ಲೆಕ್ಕವೂ ಆ ದಶಕದಲ್ಲೇ ಬಂತು. ಕಾಲು ಬೀಸುವುದು ಪುಕ್ಕಟೆಯಾಗಿದ್ದರೆ ಇದು ಹೇಗೆ ಸಾಧ್ಯ?

2004ರಲ್ಲಿ ಬಾಸ್ಟನ್ನಿನ ರಿಚರ್ಡ್ ಮಾರ್ಷ್ ತಂಡ ನೇರ ದಾರಿ ಹಿಡಿಯಿತು. ಟರ್ಕಿ ಪ್ರಬಂಧದಲ್ಲಿ ಟೇಲರ್ ಜೊತೆಗಿದ್ದವರೇ ಈ ಮಾರ್ಷ್. ಓಡುವ ಗಿನಿಕೋಳಿಗಳ ಕಾಲಿನ ಒಂದೊಂದು ಸ್ನಾಯುವಿಗೂ ಹರಿಯುವ ರಕ್ತವನ್ನು ಅಳೆದು, ಯಾವ ಸ್ನಾಯು ಎಷ್ಟು ಶಕ್ತಿ ಬಳಸುತ್ತದೆ ಎಂದು ಲೆಕ್ಕ ಹಾಕಿದರು. ಕಾಲನ್ನು ಗಾಳಿಯಲ್ಲಿ ಮುಂದಕ್ಕೆ ತರುವ ಸ್ನಾಯುಗಳ ಪಾಲು ಸುಮಾರು ಶೇಕಡಾ 26 ಎಂದು ಕಂಡಿತು. ಮರುವರ್ಷ ಕ್ರ್ಯಾಮ್ ತಮ್ಮ ಗುರುವಿನ ಮಾತನ್ನು ತಾವೇ ಪರೀಕ್ಷೆಗೆ ಒಡ್ಡಿದರು. ಓಟಗಾರರ ಕಾಲು ಮುಂದೆ ಬರಲು ಹೊರಗಿನಿಂದ ಎಳೆದು ನೆರವಾಗಿ, ಖರ್ಚು ಎಷ್ಟು ಇಳಿಯುತ್ತದೆ ಎಂದು ನೋಡಿ, ಬೀಸುವುದರ ಪಾಲು ಶೇಕಡಾ 20ರ ಸುತ್ತಮುತ್ತ ಎಂದು ಅಂದಾಜಿಸಿದರು. 2014ರಲ್ಲಿ ಅವರ ತಂಡದ್ದೇ ಇನ್ನೊಂದು ಲೆಕ್ಕ ಅದನ್ನು ಶೇಕಡಾ 7ಕ್ಕೆ ಇಳಿಸಿತು, ತೂಕ ಹೊರುವುದು ಮತ್ತು ಮುಂದಕ್ಕೆ ತಳ್ಳುವುದು ಎರಡೂ ಸೇರಿ ಶೇಕಡಾ 80 ಎಂದಿತು. ಅಂಕಿಗಳ ಬಗ್ಗೆ ವಾದ ಇನ್ನೂ ಇದೆ. ಆದರೆ ದೊಡ್ಡ ಪಾಲು ನೆಲದ ಮೇಲೆ, ಸಣ್ಣ ಪಾಲು ಗಾಳಿಯಲ್ಲಿ ಎಂಬ ಅನುಕ್ರಮವನ್ನು ಈ ಅಳತೆಗಳೆಲ್ಲ ಎತ್ತಿ ಹಿಡಿದವು.

ಪ್ರಯೋಗಾಲಯದಿಂದ ಪಂದ್ಯದ ಅಂಗಳಕ್ಕೆ

ಈ ತಿಳಿವು ಮೊದಲು ಬದಲಿಸಿದ್ದು ವೇಗದ ಕಲ್ಪನೆಯನ್ನು. 2000ದಲ್ಲಿ ಕಾನ್ಕರ್ಡ್ ನೆಲೆಯ ಪೀಟರ್ ವೆಯಾಂಡ್ ಮತ್ತು ಸಂಗಡಿಗರು 33 ಓಟಗಾರರನ್ನು ಅವರವರ ಗರಿಷ್ಠ ವೇಗದಲ್ಲಿ ಅಳೆದರು. ಅತಿ ವೇಗದವರೂ ನಿಧಾನದವರೂ ಕಾಲನ್ನು ಮುಂದಕ್ಕೆ ತರಲು ತೆಗೆದುಕೊಳ್ಳುವ ಸಮಯ ಬಹುತೇಕ ಒಂದೇ. ವೇಗದವರು ನೆಲವನ್ನು ಹೆಚ್ಚು ಬಲವಾಗಿ ಒತ್ತುತ್ತಿದ್ದರು, ಅಷ್ಟೇ ವ್ಯತ್ಯಾಸ.

ಎರಡನೆಯದು ನ್ಯಾಯಾಲಯದ ಮೆಟ್ಟಿಲೇರಿತು. ದಕ್ಷಿಣ ಆಫ್ರಿಕಾದ ಆಸ್ಕರ್ ಪಿಸ್ಟೋರಿಯಸ್ ಮೊಣಕಾಲಿನ ಕೆಳಗೆ ಎರಡೂ ಕಾಲಿಲ್ಲದೆ ಕಾರ್ಬನ್ ನಾರಿನ ಕೃತಕ ಕಾಲುಗಳ ಮೇಲೆ ಓಡುತ್ತಿದ್ದರು. ಅವು ಶಕ್ತಿ ಉಳಿಸುತ್ತವೆ ಎಂಬ ಕಾರಣಕ್ಕೆ 2008ರ ಜನವರಿಯಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆ ಅವರನ್ನು ನಿಷೇಧಿಸಿತು. ಕ್ರ್ಯಾಮ್, ವೆಯಾಂಡ್ ಇಬ್ಬರೂ ಇದ್ದ ತಂಡ ಹ್ಯೂಸ್ಟನ್‌ನಲ್ಲಿ ಅಳೆದು, ಅವರ ಖರ್ಚು ಸಹಜ ಕಾಲಿನ ಓಟಗಾರರ ವ್ಯಾಪ್ತಿಯಲ್ಲೇ ಇದೆ ಎಂದಿತು. ಅದೇ ವರ್ಷ ಮೇ ತಿಂಗಳಲ್ಲಿ ಕ್ರೀಡಾ ನ್ಯಾಯಾಲಯ ನಿಷೇಧ ತೆರವು ಮಾಡಿತು. ಆಮೇಲೆ ತಂಡವೇ ಒಡೆಯಿತು. ಹಗುರವಾದ ಕೃತಕ ಕಾಲನ್ನು ಸಹಜ ಕಾಲಿಗಿಂತ ಬೇಗ ಬೀಸಬಹುದು, ಅದೇ ದೊಡ್ಡ ಲಾಭ ಎಂದು ವೆಯಾಂಡ್ ವಾದಿಸಿದರು. ಲಾಭ ಸಾಬೀತಾಗಿಲ್ಲ ಎಂದು ಕ್ರ್ಯಾಮ್ ಹೇಳಿದರು. ಬೀಸುವುದೋ, ಒತ್ತುವುದೋ ಎಂಬ ಹಳೆಯ ಪ್ರಶ್ನೆ ಒಂದೇ ಗುರುಮನೆಯ ಇಬ್ಬರ ನಡುವೆ ಮತ್ತೆ ಎದ್ದು ನಿಂತಿತು.

ಮೂರನೆಯದು ಈಗ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ಜಾವ ಓಡುವವರ ಕಾಲಲ್ಲೂ ಕಾಣುತ್ತದೆ. 2017ರ ಕೊನೆಯಲ್ಲಿ ಕೊಲರಾಡೋದ ಕ್ರ್ಯಾಮ್ ಪ್ರಯೋಗಾಲಯದಿಂದ, ನೈಕಿ ಕಂಪನಿಯ ಹಣದಲ್ಲಿ ನಡೆದ ಅಧ್ಯಯನವೊಂದು ಹೊರಬಂತು. ಕಾರ್ಬನ್ ತಗಡು ಮತ್ತು ದಪ್ಪ, ಮಿದು ಫೋಮ್ ಇದ್ದ ಹೊಸ ಶೂವನ್ನು 18 ಓಟಗಾರರು ತೊಟ್ಟಾಗ ಖರ್ಚು ಸರಾಸರಿ ಶೇಕಡಾ 4ರಷ್ಟು ಇಳಿದಿತ್ತು. ಹೋಲಿಕೆ ನ್ಯಾಯವಾಗಿರಲೆಂದು ಹಗುರವಾದ ಶೂಗೆ ಭಾರ ಸೇರಿಸಿ ತೂಕ ಸಮ ಮಾಡಿದ್ದರು. ಕಾಲ ತುದಿಯ ತೂಕ ಲೆಕ್ಕಕ್ಕೆ ಬರುತ್ತದೆ ಎಂಬ 1985ರ ಪಾಠ ಅಲ್ಲಿತ್ತು. ಆ ಫೋಮ್ ತನ್ನನ್ನು ಒತ್ತಿದ ಶಕ್ತಿಯಲ್ಲಿ ಶೇಕಡಾ 87ರಷ್ಟನ್ನು ಮರಳಿ ಕೊಡುತ್ತಿತ್ತು. ಹಿಮ್ಮಡಿಯ ರಜ್ಜು ಮತ್ತು ಅಂಗಾಲಿನ ಕಮಾನಿನ ಜೊತೆ ಇನ್ನೊಂದು ಸ್ಪ್ರಿಂಗ್ ಸೇರಿದಂತಾಯಿತು. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಇಂಥದೇ ಶೂ ತೊಟ್ಟು ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ವಿಶೇಷ ಏರ್ಪಾಡಿನ ಓಟವಾದ್ದರಿಂದ ಅದು ದಾಖಲೆಯಾಗಿ ಸೇರಲಿಲ್ಲ. ಮರುವರ್ಷದ ಜನವರಿಯಲ್ಲಿ ವಿಶ್ವ ಅಥ್ಲೆಟಿಕ್ ಸಂಸ್ಥೆ ಶೂಗಳ ಅಟ್ಟೆ 40 ಮಿಲಿಮೀಟರಿಗಿಂತ ದಪ್ಪವಿರಬಾರದು, ಒಂದಕ್ಕಿಂತ ಹೆಚ್ಚು ತಗಡು ಇರಬಾರದು ಎಂದು ಕಟ್ಟುಪಾಡು ಹಾಕಿತು.

ಫೆನ್ ಮತ್ತು ಹಿಲ್ ಅಳತೆಯಲ್ಲಿ ತಪ್ಪಿದವರಲ್ಲ. ಕಾಲು ಬೀಸುವ ಕೆಲಸದ ಬಗ್ಗೆ ಫೆನ್ ಕೂಡಿಸಿದ ಲೆಕ್ಕ ಪ್ರಾಮಾಣಿಕವಾದದ್ದೇ. ಅವರು ಎಡವಿದ್ದು ಕಣ್ಣಿಗೆ ಕಾಣುವ ಚಲನೆಯನ್ನೇ ದೇಹದ ಶ್ರಮವೆಂದು ತಿಳಿದದ್ದರಲ್ಲಿ. ಚಲಿಸದೆ ಭಾರ ಹೊತ್ತು ನಿಲ್ಲುವ ಸ್ನಾಯುವಿನ ಶ್ರಮ ಚಲನಚಿತ್ರದಲ್ಲಿ ಕಾಣುವುದಿಲ್ಲ. ಅದನ್ನು ಕಾಣಲು ಶಿವಂಗಿಯನ್ನೂ ಆಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಧೈರ್ಯ ಬೇಕಾಯಿತು, ಆಮೇಲೆ ತಮ್ಮ ಗುರುವಿನ ಮಾತನ್ನೇ ಮತ್ತೆ ತೂಗುವ ಶಿಷ್ಯರೂ ಬೇಕಾದರು. ನಾಳೆ ಬೆಳಗ್ಗೆ ಓಡಲು ಹೊರಡುವವರು ಒಂದು ಮಾತು ನೆನಪಿಟ್ಟುಕೊಳ್ಳಬಹುದು: ನಿಮ್ಮ ದಣಿವಿನ ಬಹುಪಾಲು ಹುಟ್ಟುವುದು ಕಾಲು ಗಾಳಿಯಲ್ಲಿರುವಾಗಲ್ಲ, ಪಾದ ನೆಲಕ್ಕೂರಿ ಇಡೀ ದೇಹದ ಭಾರವನ್ನು ಹೊರುವ, ಸೆಕೆಂಡಿನ ಕಾಲು ಭಾಗದಷ್ಟು ಚಿಕ್ಕ ಗಳಿಗೆಯಲ್ಲಿ.